ಹೈಕೋರ್ಟು ನೋಡಲು ಹೋದ ಅಕ್ಕ

ನಮ್ಮ ಮನೆಯಲ್ಲಿ ಏನನ್ನು ಕಟ್ಟಬೇಕಾದರೂ ಟ್ಯಾಗು. ಕರಿಬೇವಿನ ಪೊಟ್ಟಣದ ಬಾಯಿಗೆ ಟ್ಯಾಗು, ಮಲ್ಲಿಗೆ ಬಳ್ಳಿಯನ್ನು ಕಿಟಕಿಯ ಸರಳಿಗೆ ಬಿಗಿಯಲು ಟ್ಯಾಗು. ಒಮ್ಮೆ ಮದುವೆ ಮನೆಯಲ್ಲಿ ಪೈಜಾಮದ ಲಾಡಿ ಒಳಕ್ಕೆ ಜಾರಿಹೋದಾಗ ನನ್ನ ಮಾನ ಕಾಪಾಡಿದ್ದೂ ಟ್ಯಾಗೇ. ವಕೀಲರ ಆಫೀಸುಗಳಲ್ಲಿ ಕಾಗದಗಳಿಗೆ ತೂತು ಹಾಕಿ ಪೋಣಿಸುತ್ತಾರಲ್ಲ, ಎರಡು ತುದಿಗೂ ತಗಡಿನ ಮೂತಿ ಇರುವ ಬಿಳಿ ದಾರ, ಅದು. ಒಂದು ಕಾಲದಲ್ಲಿ ನನಗೆ ಒಂದು ಹಿಡಿ ಸಿಕ್ಕಿತ್ತು. ಇಷ್ಟು ವರ್ಷವಾದರೂ ಮುಗಿದಿಲ್ಲ. 'ನೀವು ಸತ್ತಾಗ ಕಾಲಿನ ಹೆಬ್ಬೆಟ್ಟು ಕಟ್ಟೋದಕ್ಕೂ ಎರಡು ಉಳಿಸಿಕೊಳ್ಳಿ' ಎನ್ನುತ್ತಾಳೆ ನನ್ನ ಹೆಂಡತಿ. ಅವಳ ಮಾತಿಗೆ ನಾನು ಸಾಮಾನ್ಯವಾಗಿ ಅಪೀಲು ಹೋಗುವುದಿಲ್ಲ.

ಅಪೀಲು ಎಂದೆನಲ್ಲ, ಆ ಕಥೆಗೇ ಬರುತ್ತೇನೆ. ನಂಜನಗೂಡಿನ ಹೈಸ್ಕೂಲೊಂದರಲ್ಲಿ ಬಹಳ ವರ್ಷ ಸಮಾಜದ ಪಾಠ ಹೇಳಿದವನು ನಾನು. ನ್ಯಾಯಾಂಗದ ಪಾಠ ಬಂತೆಂದರೆ ಬೋರ್ಡಿನ ಮೇಲೆ ಮೂರು ಮೆಟ್ಟಿಲು ಬರೆಯುತ್ತಿದ್ದೆ. ಕೆಳಗೆ ತಾಲ್ಲೂಕು, ಜಿಲ್ಲೆಯ ಕೋರ್ಟುಗಳು, ನಡುವೆ ಹೈಕೋರ್ಟು, ತುದಿಯಲ್ಲಿ ಸುಪ್ರೀಂ ಕೋರ್ಟು. ತುದಿಯ ಮೆಟ್ಟಿಲಿಗೆ ಒಂದು ಬಾವುಟವನ್ನೂ ಸಿಕ್ಕಿಸುತ್ತಿದ್ದೆ. 'ನೋಡ್ರಪ್ಪ, ಬ್ಯಾಂಕಿಗೆ ಹೆಡ್ಡಾಫೀಸು, ಬ್ರಾಂಚು ಇಲ್ವೇ, ಹಾಗೆ. ಹೈಕೋರ್ಟು ಅನ್ನೋದು ದೆಹಲಿಯ ಬ್ರಾಂಚು' ಎಂದು ವಿವರಿಸುತ್ತಿದ್ದೆ. ಬ್ಯಾಂಕಿನ ಉದಾಹರಣೆ ನನ್ನದೇ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಚಿಕ್ಕಯ್ಯನಛತ್ರದ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಪ್ರಭುಸ್ವಾಮಿ ಎಂಬ ಹುಡುಗ ಒಂದು ದಿನ ಎದ್ದು ನಿಂತು, ಕೆಳಗಿನವರು ತಪ್ಪು ಮಾಡಿದರೆ ಮೇಲಿನವರು ತಿದ್ದುತ್ತಾರಲ್ಲ, ನಡುವೆ ಇನ್ನೊಂದು ಮೆಟ್ಟಿಲು ಯಾಕೆ ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಗೊತ್ತಿಲ್ಲದಾಗ ಮೇಷ್ಟ್ರುಗಳು ಏನು ಮಾಡುತ್ತಾರೋ ಅದನ್ನೇ ಮಾಡಿದೆ, ಕೂತ್ಕೊಳೋ ಎಂದು ಗದರಿದೆ. ಪರೀಕ್ಷೆಯಲ್ಲಿ 'ಹೈಕೋರ್ಟಿನ ಅಧಿಕಾರಗಳನ್ನು ವಿವರಿಸಿ' ಎಂಬ ಪ್ರಶ್ನೆಗೆ ಅವನಿಗೆ ಐದಕ್ಕೆ ಎರಡು ಕೊಟ್ಟ ನೆನಪು. ಮುಂದೆ ಅವನು ಅದೇ ಹೈಕೋರ್ಟಿನಲ್ಲಿ ವಕೀಲನಾದ. ನನ್ನ ಟ್ಯಾಗುಗಳೆಲ್ಲ ಅವನ ಆಫೀಸಿನವು.

ಕೋರ್ಟಿನ ಬಗೆಗಿನ ಕುತೂಹಲ ನನಗೆ ಮೊದಲಿನಿಂದಲೂ ಇದ್ದದ್ದೇ. ನಾವು ಹುಟ್ಟಿ ಬೆಳೆದದ್ದು ತಿರುಮಕೂಡಲು ನರಸೀಪುರದಲ್ಲಿ. ಅಲ್ಲಿನ ಮುನ್ಸೀಫ್ ಕೋರ್ಟಿನ ಬಾಗಿಲಿಗೆ ಜವಾನ ಬಂದು ನಿಂತು ಒಂದೊಂದು ಹೆಸರನ್ನೂ ಮೂರು ಸಲ ಕೂಗುತ್ತಿದ್ದ. ಹುಣಿಸೆ ಮರದ ಕೆಳಗೆ ಬೀಡಿ ಸೇದುತ್ತಿದ್ದವನು ಹೆಸರು ಕೇಳಿದ್ದೇ ತಡ, ಚಪ್ಪಲಿ ಬಿಟ್ಟು ಓಡುತ್ತಿದ್ದ. ನನಗಿಂತ ಆರು ವರ್ಷ ದೊಡ್ಡವಳಾದ ನನ್ನ ಅಕ್ಕ ರಾಜಮ್ಮಣ್ಣಿ ಮತ್ತು ನಾನು ಅದನ್ನೇ ಹಿತ್ತಿಲಲ್ಲಿ ಆಟವಾಗಿ ಆಡುತ್ತಿದ್ದೆವು. ಮಗುಚಿದ ಒರಳಿನ ಮೇಲೆ ಕೂತ ಅಕ್ಕ ಯಾವಾಗಲೂ ಜಡ್ಜಿ. ನಾನೇ ಕೂಗುವವನು, ಓಡಿಬರುವವನು, ಅಪರಾಧಿ. ತೀರ್ಪು ಮಾತ್ರ ಒಂದೇ, ಹೊಳೆಯಿಂದ ಎರಡು ಬಿಂದಿಗೆ ನೀರು. ನೀರು ತರುವ ಸರದಿ ಅವಳದೇ ಆಗಿರುತ್ತಿತ್ತು ಎಂಬುದು ನನಗೆ ಹೊಳೆಯಲು ಬಹಳ ದಿನ ಹಿಡಿಯಿತು.

ಅಂಥ ಅಕ್ಕನಿಗೆ, ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ನಿಜವಾದ ಕೋರ್ಟು ಬೇಕಾಯಿತು. ಅವಳನ್ನು ಕೊಟ್ಟಿದ್ದು ಸೋಮನಾಥಪುರದ ಹಾದಿಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆದರೆ ಸಿಗುವ ಒಂದು ಹಳ್ಳಿಗೆ. ಮಕ್ಕಳಾಗಲಿಲ್ಲ. ಭಾವ ತೀರಿಕೊಂಡ ಮೇಲೆ ಅವಳು ಊರಿನ ಅಂಗನವಾಡಿಯ ಕಾರ್ಯಕರ್ತೆಯಾದಳು. ಬೆಳಿಗ್ಗೆ ಎದ್ದು ಬಾಗಿಲು ತೆಗೆಯುವುದು, ಮೂಗು ಒರೆಸುವುದು, ಅ ಆ ಹೇಳಿಕೊಡುವುದು, ತೂಕ ಬರೆಯುವುದು, ಮಧ್ಯಾಹ್ನಕ್ಕೆ ಅನ್ನ ಸಾರು ಬಡಿಸುವುದು, ಹೀಗೇ ಹದಿನಾಲ್ಕು ವರ್ಷ. ಊರಿನ ಅರ್ಧ ಹುಡುಗರಿಗೆ ಅವಳೇ ಚಡ್ಡಿ ಹಾಕಿಕೊಳ್ಳುವುದನ್ನು ಕಲಿಸಿದ್ದಳು.

ಆ ಊರ ನಡುವೆ ಒಂದು ನಾಲೆ ಹರಿಯುತ್ತದೆ. ಆಚೆ ದಂಡೆಯಲ್ಲಿ ಹತ್ತು ಹನ್ನೆರಡು ಮನೆ, ಅದರಲ್ಲೊಂದು ಅಕ್ಕನದು. ಎರಡೂ ದಂಡೆಯವರಿಗೆ ಬಸವಣ್ಣನ ಗುಡಿ ಒಂದೇ, ಜಗಳವಾಡುವ ಕಟ್ಟೆಯೂ ಒಂದೇ. ಆದರೆ ಸರ್ವೆ ನಕ್ಷೆಯಲ್ಲಿ ನಾಲೆಯೇ ಎಲ್ಲೆ, ಆಚೆ ದಂಡೆ ಪಕ್ಕದ ಊರಿಗೆ ಸೇರಿದ್ದು. ಯಾರಿಗೂ ಬೇಡವಾಗಿದ್ದ ಈ ಸಂಗತಿಯನ್ನು ಯಾರೋ ಕೆದಕಿ ತೆಗೆದರು. ಒಂದು ಆಫೀಸಿನಿಂದ, ಯಾವುದೆಂದು ಬೇಡ, ಕಾಗದ ಬಂತು. ರಾಜಮ್ಮಣ್ಣಿ ಸ್ಥಳೀಯ ನಿವಾಸಿಯಲ್ಲವಾದ್ದರಿಂದ ಅವರನ್ನು ಬಿಡುಗಡೆ ಮಾಡಿದೆ, ಚಾರ್ಜನ್ನು ಈಚೆ ದಂಡೆಯ ಜಯಶೀಲಾಗೆ ವಹಿಸತಕ್ಕದ್ದು. ಒಂದು ಮಾತು ಕೇಳಿರಲಿಲ್ಲ, ಒಂದು ನೋಟೀಸು ಕೊಟ್ಟಿರಲಿಲ್ಲ.

ಅಕ್ಕ ಕಾಗದ ಹಿಡಿದುಕೊಂಡು ನಂಜನಗೂಡಿಗೆ ಬಂದಳು. ಅತ್ತಿದ್ದಳು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. 'ಈ ಕೆಲ್ಸ ಓಯ್ತು ಅಂದ್ರೆ ನಾ ಬೆಳಿಗ್ಗೆ ಎದ್ದು ಎಲ್ಲಿಗೋಗ್ಲಪ್ಪ?' ಎಂದಳು. ಅವಳಿಗೆ ಆ ಕೆಲಸ ಬಿಟ್ಟರೆ ಇನ್ನೇನೂ ಇರಲಿಲ್ಲ.

ನಾನು ನನ್ನ ಮೂರು ಮೆಟ್ಟಿಲನ್ನು ನೆನೆಸಿಕೊಂಡು, ಮೊದಲು ತಾಲ್ಲೂಕು ಕೋರ್ಟು, ಆಮೇಲೆ ಮೈಸೂರು, ಆಮೇಲೆ ಬೆಂಗಳೂರು ಎಂದು ಲೆಕ್ಕ ಹಾಕಿದೆ. ಅಷ್ಟರಲ್ಲಿ ಅಂಗನವಾಡಿಯ ಮಕ್ಕಳಿಗೆ ಮದುವೆಯಾಗುತ್ತದೆ ಅನ್ನಿಸಿ, ಪ್ರಭುಸ್ವಾಮಿಗೆ ಫೋನು ಮಾಡಿದೆ. ಅವನು ನಕ್ಕ. ಇದು ಸರ್ಕಾರದ ಆದೇಶ, ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು ಎಂದ. ನಡುವಿನ ಮೆಟ್ಟಿಲಿಗೆ ಹಾರಿ ಹತ್ತುವ ದಾರಿ ಇದೆ ಎಂಬುದು ನನ್ನ ಬೋರ್ಡಿನಲ್ಲಿ ಇರಲೇ ಇಲ್ಲ. ಹಾಗಾದರೆ ಇನ್ನೂ ಹಾರಿ ದೆಹಲಿಗೇ ಹೋಗಬಹುದಲ್ಲ ಎಂದೆ. ಅದಕ್ಕವನು, ಮೂಲಭೂತ ಹಕ್ಕಿಗೆ ಪೆಟ್ಟು ಬಿದ್ದರೆ ಮಾತ್ರ ದೆಹಲಿಗೆ ನೇರ ಹೋಗಬಹುದು, ಹೈಕೋರ್ಟಾದರೆ ಅದನ್ನೂ ಕೇಳುತ್ತದೆ, ಬೇರೆ ಹಕ್ಕುಗಳನ್ನೂ ಕೇಳುತ್ತದೆ, ಈ ಒಂದು ವಿಷಯದಲ್ಲಿ ದೆಹಲಿಗಿಂತ ಬೆಂಗಳೂರಿನ ಕೈ ಉದ್ದ ಎಂದು ವಿವರಿಸಿದ. ದೆಹಲಿಯವರು ಇಲ್ಲಿನ ತೀರ್ಪನ್ನು ಬದಲಾಯಿಸಬಹುದಂತೆ, ಆದರೆ ಹೈಕೋರ್ಟು ಅವರ ಬ್ರಾಂಚಲ್ಲವಂತೆ. 'ನೀವು ಬ್ಯಾಂಕು ಅಂತಿದ್ರಲ್ಲ ಸಾ' ಎಂದು ಅವನು ನೆನಪಿಸಿದಾಗ, ಇಷ್ಟು ವರ್ಷ ನನ್ನ ಬ್ಯಾಂಕನ್ನು ನಂಬಿ ಉತ್ತರ ಬರೆದ ನೂರಾರು ಮಕ್ಕಳು ಕಣ್ಣಮುಂದೆ ಬಂದರು.

ಸರ್ಕಾರದ ಮೇಲೂ ಜಯಶೀಲಾಳ ಮೇಲೂ ಅರ್ಜಿ ಸಿದ್ಧವಾಯಿತು, ಅಕ್ಕ ಸಹಿ ಹಾಕಿದಳು. ಕೇಸು ಕೋರ್ಟಿನ ಮುಂದೆ ಬರುವ ದಿನ ನೀವು ಬರಬೇಕಾಗಿಲ್ಲ, ಆದರೆ ಅಲ್ಲಿಯವರೆಗೆ ಚಾರ್ಜು ಮಾತ್ರ ಕೊಡಬಾರದು ಎಂದು ಪ್ರಭುಸ್ವಾಮಿ ಹೇಳಿದ. ನಾನು ಅದನ್ನೇ ಅಕ್ಕನಿಗೆ ಹೇಳಿದೆ, 'ಏನಾದರೂ ಸರಿ, ಚಾರ್ಜು ಕೊಡಬೇಡ.' ಅಷ್ಟೇ ಹೇಳಿದೆ. ಮೇಷ್ಟ್ರಾದವನು ಬಿಡಿಸಿ ಹೇಳಬೇಕಿತ್ತು.

ಅಕ್ಕ ಬರಬೇಕಾಗಿಲ್ಲದಿದ್ದರೂ ಹೊರಟಳು. ತನ್ನ ಕೇಸನ್ನು ತಾನು ನೋಡದೆ ಇರುವುದು ಹೇಗೆ ಎಂಬುದು ಅವಳ ವಾದ. ಬದನವಾಳಿನ ನೂಲಿನ ಸೀರೆ ಉಟ್ಟು, ಕಂಕುಳಲ್ಲಿ ಒಂದು ದೊಡ್ಡ ಬಟ್ಟೆಯ ಗಂಟು ಇರುಕಿಕೊಂಡು ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ನನಗೆ ಸಿಕ್ಕಳು. ಏನಿದು ಎಂದರೆ ರಿಜಿಸ್ಟರುಗಳು. ಹದಿನಾಲ್ಕು ವರ್ಷದ ಹಾಜರಿ, ತೂಕದ ಪಟ್ಟಿ, ದಾಸ್ತಾನು ಪುಸ್ತಕ ಎಲ್ಲವನ್ನೂ ಹೊತ್ತು ತಂದಿದ್ದಳು. ಜಡ್ಜಿ ಕೇಳಿದರೆ ತೋರಿಸಬೇಕಲ್ಲ, ಅಲ್ಲದೆ ಅಲ್ಲಿ ಬಿಟ್ಟು ಬಂದರೆ ಚಾರ್ಜು ಕೊಟ್ಟ ಹಾಗಾಗುತ್ತದಲ್ಲ ಎಂದಳು. ನನ್ನ ಅಕ್ಕ ಎಷ್ಟು ಜಾಣೆ ಎಂದುಕೊಂಡು ಬಸ್ಸಿನಲ್ಲಿ ಗಂಟನ್ನು ನನ್ನ ತೊಡೆಯ ಮೇಲೇ ಇಟ್ಟುಕೊಂಡೆ. ಮದ್ದೂರು ದಾಟುವ ಹೊತ್ತಿಗೆ ಕಾಲು ಜೋಮು ಹಿಡಿದಿತ್ತು.

ಹೈಕೋರ್ಟಿನ ಆ ಕೆಂಪು ಕಟ್ಟಡದ ಉದ್ದನೆಯ ವರಾಂಡದಲ್ಲಿ ನಿಂತಾಗ ನಮಗೆ ನಾವೇ ಬಹಳ ದೂರದಿಂದ ಬಂದವರು ಅನ್ನಿಸುತ್ತಿತ್ತು. ಪಕ್ಕದಲ್ಲಿ ತಲೆಗೆ ಪಟಗ ಸುತ್ತಿದ ಒಬ್ಬ ಮುದುಕ ಕಂಬಕ್ಕೊರಗಿ ಕೂತಿದ್ದ. ಬೀದರಿನ ಕಡೆಯವನಂತೆ. ಹಿಂದಿನ ದಿನವೇ ಊರು ಬಿಟ್ಟಿದ್ದನಂತೆ. ಆಗ ಇಡೀ ರಾಜ್ಯಕ್ಕೆ ಬೆಂಗಳೂರೊಂದೇ. ಅಕ್ಕನ ಗಂಟನ್ನು ನೋಡಿ ಅದರಲ್ಲಿ ಬುತ್ತಿ ಇದೆ ಎಂದುಕೊಂಡನೋ ಏನೋ, ತನ್ನ ಸಜ್ಜೆ ರೊಟ್ಟಿ ಬಿಚ್ಚಿ ನಮಗೂ ಒಂದೊಂದು ಕೊಟ್ಟ. ನಮ್ಮ ಗಂಟಿನಲ್ಲಿ ಬರೀ ತೂಕದ ಪಟ್ಟಿಯೆಂದು ಹೇಳಲು ನಾಚಿಕೆಯಾಗಿ ಅಕ್ಕ ಬಾಳೆಹಣ್ಣು ಕೊಂಡು ತಂದು ಕೊಟ್ಟಳು. ಮುಂದೆ ಧಾರವಾಡಕ್ಕೂ ಕಲಬುರಗಿಗೂ ಪೀಠ ಬಂದವು ಎಂದು ಪೇಪರಿನಲ್ಲಿ ಓದಿದಾಗ, ಆ ಮುದುಕನ ಕೇಸು ಅಷ್ಟರಲ್ಲಿ ಮುಗಿದಿತ್ತೋ ಇಲ್ಲವೋ ಎಂದು ಯೋಚಿಸಿದ್ದೆ. ನಡುವಿನ ಮೆಟ್ಟಿಲು ಯಾಕೆ ಬೇಕು ಎಂದಿದ್ದ ಹುಡುಗನಿಗೆ ಹೇಳಬೇಕಿದ್ದ ಉತ್ತರದ ಒಂದು ಭಾಗ ಅಲ್ಲೇ ಕಂಬಕ್ಕೊರಗಿ ಕೂತಿತ್ತು.

ನಮ್ಮ ಕೇಸು ಬಂತು. ಪ್ರಭುಸ್ವಾಮಿ ಎದ್ದು ಇಂಗ್ಲಿಷಿನಲ್ಲಿ ಏನೋ ಹೇಳಿದ, ಜಡ್ಜಿ ಏನೋ ಕೇಳಿದರು, ಸರ್ಕಾರದ ವಕೀಲರು ಟೈಮು ಕೇಳಿದರು, ಜಡ್ಜಿ ಪಕ್ಕಕ್ಕೆ ತಿರುಗಿ ಎರಡು ವಾಕ್ಯ ಹೇಳಿ ಬರೆಸಿದರು. ಅಷ್ಟರಲ್ಲಿ ಇನ್ನೊಬ್ಬ ವಕೀಲರು ಎದ್ದು ನಿಂತಿದ್ದರು. ನನ್ನ ಇಂಗ್ಲಿಷು ಕ್ಲಾಸಿನ ಬೋರ್ಡಿನ ಮೇಲೆ ಚೆನ್ನಾಗಿಯೇ ಓಡುತ್ತಿತ್ತು, ಅಲ್ಲಿ ಮಾತ್ರ ಅದು ಬಸ್ಸು ತಪ್ಪಿಸಿಕೊಂಡಿತು. 'ಯಾವಾಗ ಸುರುವಾಯ್ತದೆ?' ಎಂದು ಅಕ್ಕ ಗಂಟು ಬಿಚ್ಚಲು ಹೊರಟಿದ್ದಳು. ಮುಗೀತಂತೆ ಎಂದು ನಾನೇ ಅವಳನ್ನು ಎಬ್ಬಿಸಿಕೊಂಡು ಹೊರಗೆ ಬಂದೆ.

ಪ್ರಭುಸ್ವಾಮಿ ಹೊರಗೆ ಬಂದವನೇ ನಗುತ್ತ, ಗೆದ್ದ ಹಾಗೇ ಸಾ, ಯಥಾಸ್ಥಿತಿ ಕಾಪಾಡಬೇಕು ಎಂದು ಆರ್ಡರಾಗಿದೆ ಎಂದ. ನಾನು ತಕ್ಷಣ ಮೇಷ್ಟ್ರಾದೆ. ಯಥಾಸ್ಥಿತಿ ಎಂದರೆ, ಇವತ್ತು ಅಂಗನವಾಡಿ ಯಾರ ಕೈಯಲ್ಲಿ ಹೇಗಿದೆಯೋ ಮುಂದಿನ ವಿಚಾರಣೆಯವರೆಗೆ ಹಾಗೆಯೇ ಇರತಕ್ಕದ್ದು, ಯಾರೂ ಮುಟ್ಟುವಂತಿಲ್ಲ ಎಂದು ಅಕ್ಕನಿಗೆ ವಿವರಿಸಿದೆ. ಅಕ್ಕ ಸಂತೋಷಪಡಲಿಲ್ಲ. 'ಇವತ್ತು ಅಂದ್ರೆ, ಇವತ್ತೇನಾ?' ಎಂದು ಕೇಳಿದಳು.

ಹೌದು ಎಂದೆ.

'ಅಂಗಾರೆ ಕೀಲಿ ಜಯಶೀಲಾ ಅತ್ರ ಅದೆ ಕಣಪ್ಪ.'

ನಡೆದದ್ದು ಇಷ್ಟು. ಅಂಗನವಾಡಿಯ ಸಹಾಯಕಿ ಮಗಳ ಬಾಣಂತನಕ್ಕೆಂದು ಹೋಗಿದ್ದಳು. ಅಕ್ಕ ಬೆಂಗಳೂರಿಗೆ ಬಂದರೆ ಮಕ್ಕಳಿಗೆ ಬಡಿಸುವವರಿರಲಿಲ್ಲ. ಜಯಶೀಲಾಳ ಮಗುವೂ ಅಲ್ಲಿಗೇ ಬರುತ್ತಿತ್ತು, ಅವಳಿಗೆ ಅಲ್ಲಿನ ಸ್ಟವ್ವು ಹೊತ್ತಿಸುವುದು ಗೊತ್ತಿತ್ತು, ಮೇಲಾಗಿ ಅವಳು ಕೆಟ್ಟವಳೇನಲ್ಲ ಎಂಬುದು ಅಕ್ಕನ ಅಭಿಪ್ರಾಯ. ಹಾಗಾಗಿ ಬೆಳಿಗ್ಗೆ ಅವಳ ಮನೆಗೆ ಹೋಗಿ ಕೀಲಿ ಕೊಟ್ಟು, ಇವತ್ತೊಂದಿನ ಅನ್ನ ಮಾಡವ್ವ ಎಂದು ಹೇಳಿ ಬಂದಿದ್ದಳು. ಚಾರ್ಜು ಎಂದರೆ ರಿಜಿಸ್ಟರು, ಕೀಲಿ ಎಂದರೆ ಮಕ್ಕಳ ಊಟ, ಹೀಗೆ ಅವಳು ವಿಂಗಡಿಸಿಕೊಂಡಿದ್ದಳು. ಯಾರ ಮೇಲೆ ಕೇಸು ಹಾಕಿದ್ದಾರೋ ಅವರಿಗೇ ಕೀಲಿ ಕೊಟ್ಟು ಕೇಸು ನೋಡಲು ಬಂದವರು ಹೈಕೋರ್ಟಿನ ಚರಿತ್ರೆಯಲ್ಲಿ ಬೇರೆ ಯಾರಾದರೂ ಇದ್ದಾರೋ ನನಗೆ ತಿಳಿಯದು. ಪ್ರಭುಸ್ವಾಮಿ ಕರಿ ಕೋಟು ಬಿಚ್ಚಿ ತೋಳ ಮೇಲೆ ಹಾಕಿಕೊಂಡ.

ಊರಿಗೆ ಮರಳಿ ಕೀಲಿ ಕೇಳಿದರೆ ಜಯಶೀಲಾ ಬಾಗಿಲಿನ ಹಿಂದೆ ನಿಂತಳು, ಅವಳ ಗಂಡ ಮುಂದೆ ಬಂದ. 'ಐಕೋರ್ಟೇ ಏಳ್ಬುಟ್ಟದಲ್ಲ, ಯಾರತ್ರ ಇದ್ದದೋ ಅವರತ್ರಾನೇ ಇರ್ಲಿ ಅಂತ. ನಾವೇನ್ ಮಾಡಕಾದದು?' ಎಂದ. ಯಾರೋ ಚೆನ್ನಾಗಿ ಓದಿ ಹೇಳಿದ್ದರು. ನಾವು ಹೋಗಿ ತಂದ ಆರ್ಡರು ಅವನ ಮನೆಯ ಬಾಗಿಲು ಕಾಯುತ್ತಿತ್ತು.

ಆಮೇಲಿನ ಆರು ವಾರ ಅಕ್ಕ ಎಂದಿನ ಹೊತ್ತಿಗೆ ಎದ್ದು, ಸೀರೆ ಉಟ್ಟು, ನಾಲೆಯ ಮೇಲಿನ ಸಂಕದ ಹಲಗೆ ದಾಟಿ, ಅಂಗನವಾಡಿಯ ಎದುರಿನ ಬಸವಣ್ಣನ ಗುಡಿಯ ಜಗಲಿಯ ಮೇಲೆ ಕೂರುತ್ತಿದ್ದಳು. ಮಕ್ಕಳು ಒಳಗೆ ಹೋಗದೆ ಅವಳ ಹತ್ತಿರ ಬಂದರೆ, ಒಳಗೋಗ್ರಿ, ಉಣ್ಣೋಗ್ರಿ ಎಂದು ಅಟ್ಟುತ್ತಿದ್ದಳು. ಒಂದು ಶನಿವಾರ ಹೋಗಿದ್ದಾಗ ನಾನೇ ಇದನ್ನು ನೋಡಿದೆ. ನೋಡಿ ತಡೆದುಕೊಳ್ಳಲಾಗದೆ ಸಂಕದ ಆಚೆ ಹೋಗಿ ನಿಂತುಕೊಂಡೆ.

ಈಗ ಹೇಳುವುದನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಮುಂದಿನ ವಿಚಾರಣೆಗೆ ಮೊದಲು ಇನ್ನೊಂದು ಪ್ರಮಾಣಪತ್ರ, ಅಂದರೆ ಅಫಿಡವಿಟ್ಟು, ಸಲ್ಲಿಸಬೇಕಿತ್ತು. ಆರ್ಡರಾದ ದಿನ ಕೀಲಿ ತನ್ನ ಬಳಿಯೇ ಇತ್ತು, ಆಮೇಲೆ ಕಿತ್ತುಕೊಂಡರು ಎಂದು ಅಕ್ಕ ಬರೆದುಕೊಡಲಿ ಎಂಬ ಸಲಹೆ ಕೊಟ್ಟವನು ನಾನು, ವರ್ಷಕ್ಕೆ ಒಂದು ಸಲ 'ಸತ್ಯಮೇವ ಜಯತೇ' ಎಂದು ಬೋರ್ಡಿನ ಮೇಲೆ ಬರೆದು ಅರ್ಥ ಹೇಳುತ್ತಿದ್ದವನು. ಪ್ರಭುಸ್ವಾಮಿ ಅಕ್ಕನ ಮುಖ ನೋಡಿದ. ಅಕ್ಕನಿಗೆ ಸಿಟ್ಟು ಬರಲಿಲ್ಲ.

'ಕೀಲಿ ಕೊಟ್ಟಿದ್ನ ಜಯಶೀಲಾ ಮಗ ನೋಡ್ಬುಟ್ಟದೆ. ನಾಳೆ ಸುಳ್ಳೇಳಿ ಗೆದ್ಕಬಂದು ಅದರ ಮುಂದೆ ಯಂಗಪ್ಪ ಕೂತ್ಕಳ್ಳದು?' ಎಂದಳು.

ಕೊಟ್ಟಿದ್ದನ್ನು ಕೊಟ್ಟೆ ಎಂದೇ ಬರೆಸಿ ಸಹಿ ಹಾಕಿದಳು. ನಮ್ಮ ಕೇಸು ನಮ್ಮ ಕೈಯಿಂದಲೇ ಹೋಯಿತು ಎಂದು ನಾನು ತೀರ್ಮಾನಿಸಿಬಿಟ್ಟೆ.

ಎರಡನೆಯ ಸಲವೂ ಅಕ್ಕ ಬಂದಳು, ಈ ಸಲ ಗಂಟಿರಲಿಲ್ಲ. ಸರ್ಕಾರದ ವಕೀಲರು ಎದ್ದು, ಆ ದಿನ ಕೀಲಿ ಜಯಶೀಲಾ ಬಳಿಯೇ ಇತ್ತು, ಅರ್ಜಿದಾರರೇ ಒಪ್ಪಿದ್ದಾರೆ ಎಂದರು. ಅಷ್ಟು ಇಂಗ್ಲಿಷು ನನಗೆ ಅರ್ಥವಾಯಿತು. ಜಡ್ಜಿ ಕಾಗದ ಮಗುಚಿದರು, ಒಂದು ಕಡೆ ನಿಲ್ಲಿಸಿ ಓದಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು. ಆಮೇಲೆ ಈ ರಾಜಮ್ಮಣ್ಣಿ ಎನ್ನುವವರು ಬಂದಿದ್ದಾರೆಯೇ ಎಂದು ಕೇಳಿದರು. ಪ್ರಭುಸ್ವಾಮಿ ಸನ್ನೆ ಮಾಡಿದ. ಅಕ್ಕ ಹಿಂದಿನ ಬೆಂಚಿನಿಂದ ಎದ್ದು ಸೆರಗು ಹೊದ್ದುಕೊಂಡು ನಿಂತಳು. ಅಲ್ಲಿಯವರೆಗೆ ಒಂದು ಕನ್ನಡ ಪದವೂ ಕೇಳಿಸದಿದ್ದ ಆ ಕೋರ್ಟ್ ಹಾಲಿನಲ್ಲಿ ಜಡ್ಜಿ ನಮ್ಮ ನಿಮ್ಮ ಹಾಗೆ, ಮೈಸೂರು ಕಡೆಯ ಕನ್ನಡದಲ್ಲಿ ಕೇಳಿದರು.

'ಕೀಲಿ ಯಾಕೆ ಕೊಟ್ರಿ ತಾಯಿ?'

'ನಾ ಇಲ್ಲಿಗೆ ಬರ್ಬೇಕಿತ್ತಲ್ಲ ಸ್ವಾಮಿ' ಎಂದಳು ಅಕ್ಕ. 'ನೀವು ಬಾಳ ದೂರದಲ್ಲಿ ಇದ್ದೀರಿ. ನರಸೀಪುರದಲ್ಲೇ ಇದ್ದಿದ್ರೆ ಮಕ್ಕಳಿಗೆ ಬಡಿಸ್ಬುಟ್ಟೇ ಬತ್ತಿದ್ದೆ.'

ಒಬ್ಬ ವಕೀಲರು ನಗಲು ಹೋಗಿ ಸುಮ್ಮನಾದರು. ಜಡ್ಜಿ ಕೂತ್ಕೊಳ್ಳಿ ತಾಯಿ ಎಂದು, ಸರ್ಕಾರದ ವಕೀಲರ ಕಡೆಗೆ ತಿರುಗಿ, ತೆಗೆದುಹಾಕುವ ಮುಂಚೆ ಈಕೆಗೆ ನೋಟೀಸು ಕೊಟ್ಟಿದ್ದಿರೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರು ಫೈಲು ತಿರುವಿ ನೋಡಿ, ಇಲ್ಲ ಎಂದರು. ಆದೇಶ ರದ್ದಾಯಿತು. ಬೇಕಾದರೆ ನೋಟೀಸು ಕೊಟ್ಟು, ಆಕೆಯ ಮಾತು ಕೇಳಿ, ನಾಲೆಯ ವಿಷಯ ಹೊಸದಾಗಿ ತೀರ್ಮಾನಿಸಿ, ಅಲ್ಲಿಯವರೆಗೆ ಆಕೆಯೇ ಮುಂದುವರಿಯಲಿ ಎಂದಾಯಿತು. ಆ ಆಫೀಸು ಮುಂದೆಂದೂ ನಾಲೆಯ ತಂಟೆಗೆ ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ಜಯಶೀಲಾ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ಕೀಲಿ ಕೊಟ್ಟು, ಸ್ಟವ್ವಿನ ಬತ್ತಿ ಬದಲಾಯಿಸಿದ್ದೇನೆ ಎಂದು ಹೇಳಿ ಹೋದಳಂತೆ.

ಆದೇಶದ ನಕಲು ನನ್ನ ಕೈ ಸೇರಲು ಒಂದು ತಿಂಗಳಾಯಿತು. ಅಕ್ಕನ ಮಾತನ್ನು ಜಡ್ಜಿ ಇಂಗ್ಲಿಷಿನಲ್ಲಿ ಹೇಗೆ ಬರೆದಿರಬಹುದು ಎಂಬುದೊಂದೇ ನನ್ನ ಕುತೂಹಲ. ಬಸ್ಸಿನಲ್ಲಿ ಕೂತು ಎರಡು ಸಲ ಓದಿದೆ. ಮೂರು ಹಾಳೆ. ಎರಡೂ ಕಡೆಯ ವಕೀಲರ ವಾದವನ್ನು ಆಲಿಸಲಾಯಿತು ಎಂದಿತ್ತು. ನೋಟೀಸು ಕೊಡದೆ ತೆಗೆದದ್ದು ತಪ್ಪು ಎಂದಿತ್ತು. ಅಕ್ಕ ಎದ್ದು ನಿಂತದ್ದಾಗಲಿ, ಜಡ್ಜಿ ಕೇಳಿದ್ದಾಗಲಿ, ಇವಳು ಹೇಳಿದ್ದಾಗಲಿ ಒಂದಕ್ಷರವೂ ಇರಲಿಲ್ಲ.

ಅಕ್ಕ ಮಕ್ಕಳನ್ನು ಮನೆಗೆ ಕಳಿಸಿ, ಅಂಗನವಾಡಿಯ ಹೊಸ್ತಿಲ ಮೇಲೆ ಕೂತಿದ್ದಳು. ನಾನು ಒಂದೊಂದೇ ಸಾಲನ್ನು ಕನ್ನಡ ಮಾಡಿ ಓದಿದೆ. ಕೊನೆಯ ಸಾಲು ಮುಗಿದ ಮೇಲೆ ಅವಳು, 'ನಾ ಏಳಿದ್ ಮಾತು ಎಲ್ಲದೆ?' ಎಂದು ಕೇಳಿದಳು.

ಹಿಂಬದಿಯಲ್ಲಿದೆ ಎಂದು ಹೇಳಿ ಕೊನೆಯ ಹಾಳೆಯನ್ನು ಮಗುಚಿದೆ. ಅದು ಖಾಲಿ. ಆ ಬಿಳಿ ಕಾಗದದ ಮೇಲೆ ಕಣ್ಣಿಟ್ಟು, ಖುದ್ದು ಹಾಜರಿದ್ದ ಅರ್ಜಿದಾರರಾದ ರಾಜಮ್ಮಣ್ಣಿಯವರು, ನ್ಯಾಯಾಲಯವು ತಮ್ಮ ಊರಿಗೆ ಬಹಳ ದೂರವಿದ್ದ ಕಾರಣ, ಮಕ್ಕಳು ಹಸಿದಿರಬಾರದೆಂದು ಕೀಲಿಯನ್ನು ಕೊಟ್ಟು ಬಂದೆನೆಂದು ತಿಳಿಸಿದರು, ಈ ಮಾತನ್ನು ನ್ಯಾಯಾಲಯವು ಗೌರವದಿಂದ ಕೇಳಿಕೊಂಡಿತು, ಎಂದು ಓದಿದೆ.

ಅಕ್ಕ ಇನ್ನೊಂದು ಸಲ ಓದು ಎಂದಳು. ನಾನು ಮತ್ತೆ ಓದಿದೆ. ಅರ್ಧಕ್ಕೆ ಬಂದಾಗ, ಮೊದಲು ಹೇಳಿದ ಮಾತುಗಳು ಅವೇ ಕ್ರಮದಲ್ಲಿ ಬರುತ್ತಿಲ್ಲವೆಂದು ನನಗೇ ಗೊತ್ತಾಯಿತು. ಹೇಗೋ ಮುಗಿಸಿ ತಲೆಯೆತ್ತಿದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಕೈಯಿಂದ ಕಾಗದ ತೆಗೆದುಕೊಂಡು, ಜೋಪಾನವಾಗಿ ಮಡಚಿ ರಿಜಿಸ್ಟರಿನೊಳಗೆ ಇಟ್ಟಳು.

'ಮೊದ್ಲು ಓದಿದ್ದೇ ಚೆನ್ನಾಗಿತ್ತು ಕಣಪ್ಪ' ಎಂದಳು.